ಪತ್ತಾರನ ಮೀಸಿಗೆ ಅಜ್ಜಿಯ ಕಾವಲು

ಮದವಿ ಬಂಗಾರ ಅಂದ್ರ ಮಂದಿ ನಗೂದನ್ನ ಮರೀತಾರ ಅಂತ ನೀವು ತಿಳಕೊಂಡಿದ್ರ, ಒಂದ ವರ್ಷ ನನ್ನಂಗ ಬಂಗಾರ ಬಡಿಯೂ ಪತ್ತಾರಕಿ ಮಾಡಿ ನೋಡ್ರಿ. ತಿಂಗಳಿಗೊಮ್ಮೆ ಇಂಥಾದ್ದೊಂದು ಆಗಲಿಲ್ಲಂದ್ರ ನನ್ನ ಅಗ್ಗಿಷ್ಟಿಗಿಯೊಳಗ ಕೆಂಡಾನ ಹತ್ತತಿರಲಿಲ್ಲ.

ಗಜೇಂದ್ರಗಡದ ಪ್ಯಾಟಿ ಓಣಿಯೊಳಗ ನಂದೊಂದು ಸಣ್ಣ ಅಂಗಡಿ ಇತ್ತು. ಕುಂಪಣಿ ಸರಕಾರದ ಕಾಲ ಅದು; ನರಗುಂದದಾಗ ಇನ್ನಾ ಸಂಸ್ಥಾನದ ದರಬಾರ ನಡದಿತ್ತು. ಅಂಗಡಿ ಅಂದೆ ಖರೇ, ಅಲ್ಲಿ ನಾ ಕುಂತದ್ದು ಕಡಿಮಿ. ಯಾಕಂದ್ರ ಮದವಿ ಬಂಗಾರ ಯಾರೂ ಪತ್ತಾರನ ಕೈಯಾಗ ಕೊಟ್ಟು ಕಳಸತಿರಲಿಲ್ಲ. ಪತ್ತಾರನ್ನ ಮನಿಗೆ ಕರಸಿ, ಪಡಸಾಲಿಯೊಳಗ ಕುಂಡ್ರಿಸಿ, ಎದುರಿಗೆ ಮನಿಯಾಗಿನ ಹಿರೇ ಮುದುಕಿನ್ನ ಕಾವಲಕ್ಕ ಇಡತಿದ್ರು. ‘ಅಕ್ಕಸಾಲಿ ಅಕ್ಕನ ಬಂಗಾರಾನೂ ಬಿಡಾಂಗಿಲ್ಲ’ ಅನ್ನೂ ಗಾದಿಮಾತು ನಮ್ಮ ಬೆನ್ನಿಗೆ ಹುಟ್ಟಿದಾಗಿಂದ ಬಿದ್ದಿತ್ತು. ನನಗ ಅಕ್ಕಾನ ಇಲ್ರಿ ಅಂದ್ರ, "ಇದ್ದಿದ್ರ ಗೊತ್ತಾಕ್ಕಿತ್ತು" ಅಂತಿದ್ರು.

ಈ ಗಾದಿಯಿಂದ ಖರೇ ಪೆಟ್ಟು ಬಿದ್ದದ್ದು ನನ್ನ ಹೆಂಡತಿಗೆ. ಪತ್ತಾರನ ಹೆಂಡತಿ ಕೊರಳಾಗ ಒಂದ ಗುಂಡು ಹೊಳದ್ರೂ ಸಾಕು, ಬಾವಿ ಕಟ್ಟಿ ಮ್ಯಾಲ ಮಾತು ಹುಟ್ಟತಿತ್ತು: "ಅದು ಯಾರ ಮನಿ ಬಂಗಾರ ಕೆರಕೊಂಡದ್ದು?" ಹಿಂಗಾಗಿ ಮೂರೂರಿನ ಮದುಮಕ್ಕಳ ಕೊರಳು ತುಂಬಿಸಿದ ನನ್ನ ಮನಿಯೊಳಗ, ಆಕಿ ಕೊರಳಾಗ ತಾಳಿ, ಕರಿಮಣಿ ಬಿಟ್ಟರ ಏನೂ ಇರಲಿಲ್ಲ. ಆಕಿ ಎಂದೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಲಿಲ್ಲಂತ ನನಗ ಇನ್ನಾ ಹೆಚ್ಚಿಗಿ ಸಂಕಟ ಆಗತಿತ್ತು.

ಆ ವರ್ಷ ನಮ್ಮ ಒಬ್ಬಾಕಿ ಮಗಳ ಮದವಿ ಗೊತ್ತಾತು. ರೋಣದ ಮನಿ, ನಮ್ಮ ಕುಲದವರ, ಆದ್ರ ಅಗ್ಗಿಷ್ಟಿಗಿ ಬಿಟ್ಟು ಹೊಲ ಹಿಡದವರು. ಮಾತುಕತಿ ಮುಗದ ಮ್ಯಾಲ ಬೀಗತಿ ನಕ್ಕೋತ ಅಂದ್ಲು, "ಪತ್ತಾರನ ಮಗಳು ಬರೇ ಕೊರಳಲೆ ಬಂದ್ರ ನಮ್ಮ ಮಾನ ಹೋಗತೈತ್ರಿ. ಬಂಗಾರ ಹಾಕ್ಕೊಂಡ ಬಂದ್ರ ನಿಮ್ಮ ಮಾನ ಹೋಗತೈತಿ. ಯಾರದು ಉಳಸೋಣು, ನೀವ ಹೇಳ್ರಿ?"

ಮದವಿಗೆ ಇನ್ನಾ ಎಂಟ ತಿಂಗಳಿತ್ತು. ಆ ಮಾತು ತಲಿಯೊಳಗ ಇಟಗೊಂಡ ಊರೂರು ತಿರಗಿ ಮಂದಿ ಮಕ್ಕಳಿಗೆ ಬಂಗಾರ ಮಾಡಿದೆ. ಈಗ ಹೇಳೂದೆಲ್ಲಾ ಆ ಎಂಟ ತಿಂಗಳದಾಗ ಆದದ್ದು.

೧. ಜಕ್ಕಲಿಯೊಳಗ ಮೀಸಿ ಬಾಚಿದ್ದು

ಜಕ್ಕಲಿ ಗೌಡರ ಮನಿಯೊಳಗ ಮೊಮ್ಮಗಳ ಮದವಿ. ಕೈಗೆ ಪಾಟ್ಲಿ, ತೋಳಿಗೆ ವಂಕಿ ಆಗಬೇಕಿತ್ತು. ಕಾವಲಕ್ಕ ಕುಂತಾಕಿ ಗೌಡನ ತಾಯಿ. ಎಂಬತ್ತು ದಾಟಿದ ಅಜ್ಜಿ, ಬಾಯಾಗ ಉಳದದ್ದು ಒಂದ ಹಲ್ಲು. ಆ ಒಂದ ಹಲ್ಲಿಗೂ ಅಡಿಕಿ ಬೇಕು. ಮುಂಜಾನಿ ಒಂದ ಅಡಿಕಿ ತುಣುಕು ಎಡಗಲ್ಲದಾಗ ಇಟ್ಟಳಂದ್ರ, ಸಂಜಿತನಕ ಅದನ್ನ ಚೀಪಿಕೋತ, ಆ ಗಲ್ಲ ಉಬ್ಬಿಸಿಕೊಂಡ ಮಾತಾಡಾಕಿ. ಕಣ್ಣು ಮಾತ್ರ ಹದ್ದಿನ ಕಣ್ಣು.

ದಿನಾ ಸಂಜಿಗೆ ಕೆಲಸ ಮುಗದ ಕೂಡಲೆ ನನ್ನ ಮುಂದ ಒಂದ ಹಿತ್ತಾಳಿ ಪರಾತ ಬರತಿತ್ತು. ಅದರಾಗ ಕೈ ತೊಳೀಬೇಕು, ಉಗರ ಕೆರೀಬೇಕು, ಧೋತರ ಜಾಡಸಬೇಕು. ನಾಕನೇ ದಿನ ಅಜ್ಜಿ ನನ್ನ ಮಾರಿ ನೋಡಕೋತ ಕೇಳಿದ್ಲು, "ಪತ್ತಾರಾ, ನೀ ಊದುಗೊಳವಿ ಊದೂ ಮುಂದ ಬಂಗಾರದ ಪುಡಿ ಎಲ್ಲಿ ಹೋಗತೈತಿ?"

"ಎಲ್ಲೂ ಹೋಗೂದಿಲ್ಲ ಯವ್ವಾ."

"ಗಾಳಿ ಕೂಡ ಮ್ಯಾಲ ಹಾರತೈತಿ. ಅಲ್ಲಿ ಮ್ಯಾಲ ಏನೈತಿ? ನಿನ್ನ ಮೀಸಿ ಐತಿ."

ನಮ್ಮಪ್ಪನಿಂದ ಬಂದ ಆಸ್ತಿ ಅಂದ್ರ ನನಗ ಅದೊಂದ ಮೀಸಿ. ಬ್ಯಾಡ್ರಿ ಯವ್ವಾ ಅಂದೆ. ಬ್ಯಾಡ ಅಂದದ್ದಕ್ಕ ಆಕಿಗೆ ಸಂಶೆ ಗಟ್ಟಿ ಆತು. ಒಳಗಿಂದ ತನ್ನ ಕಟಗಿ ಹಣಿಗಿ ತರಸಿದ್ಲು, ಬಿಳೇ ಅರಿವಿ ಹಾಸಿದ್ಲು, ನನ್ನ ತಲಿ ಬಗ್ಗಿಸಿ ಹೇನ ಬಾಚಿದಂಗ ನನ್ನ ಮೀಸಿ ಬಾಚಾಕ ಹತ್ತಿದ್ಲು. ಮನಿಮಂದಿಯೆಲ್ಲಾ ಸುತ್ತ ನಿಂತ್ರು. ಮದುಮಗಳು ಬಾಗಲಾ ಹಿಂದ ನಿಂತು ಸೆರಗು ಬಾಯಾಗ ತುರುಕಿಕೊಂಡ ನಗತಿದ್ಲು.

ಅರಿವಿ ಮ್ಯಾಲ ಏನೋ ಬಿತ್ತು. ಎಲ್ಲಾರೂ ಬಗ್ಗಿದ್ರು. ನೋಡಿದ್ರ ಎರಡ ಕಾಳು ಅವಲಕ್ಕಿ.

ಬಚಾವಾದೆ ಅಂತ ನಾ ಉಸರ ಬಿಟ್ಟೆ. ಅಜ್ಜಿ ಬಿಡಲಿಲ್ಲ. ಅವಲಕ್ಕಿ ಚಿಮಟಿಯೊಳಗ ಹಿಡದು ಬೆಳಕಿಗೆ ಎತ್ತಿ ನೋಡಿ, "ಇವತ್ತ ನಿನಗ ನಮ್ಮ ಮನಿಯೊಳಗ ಕೊಟ್ಟದ್ದು ರೊಟ್ಟಿ, ಪುಂಡಿಪಲ್ಲೆ. ಈ ಅವಲಕ್ಕಿ ಎಲ್ಲೀದು?" ಅಂದ್ಲು.

ಖರೇ ಹೇಳಬೇಕಂದ್ರ, ಮಧ್ಯಾಹ್ನ ಕೆರಿ ಕಡೆ ಹೋಗಿಬರತೇನಿ ಅಂತ ಎದ್ದು, ಹಿಂದಿನ ಓಣಿಯವರ ಮನಿಗೆ ಹೋಗಿ ಅವರ ಮಗಳ ಕಿವಿಗೆ ಬೆಂಡವಾಲಿ ಮಾಡೂದು ಮಾತಾಡಿಕೊಂಡ ಬಂದಿದ್ದೆ. ಅಲ್ಲೆ ಅವಲಕ್ಕಿ ಕೊಟ್ಟಿದ್ರು.

ಅಜ್ಜಿ ಒಳಗ ತಿರಗಿ ಕೂಗಿದ್ಲು, "ಏ ಸೊಸೀ, ನಾಳಿಂದ ಪತ್ತಾರಗ ರೊಟ್ಟಿ ಕೂಡ ಅವಲಕ್ಕೀನೂ ಕೊಡ್ರೆ! ಬಂಗಾರ ಕದ್ದಿಲ್ಲ ಪಾಪ, ನಮ್ಮ ಹೊತ್ತು ಕದಿಯಾಕ ಹತ್ಯಾನ!"

೨. ಸೊಂಟದ ಅಳತಿ

ನಮ್ಮ ಗಜೇಂದ್ರಗಡದಾಗ ಸೀರಿ ನೇಯೂ ಕಾಕಾ ಒಬ್ಬಾಂವ ಇದ್ದ. ಮುಂದ ಆಗೂ ಸೊಸಿಗೆ ಬೆಳ್ಳಿ ಡಾಬು ಮಾಡಸತೇನಿ ಅಂತ ಬಂದ. ಡಾಬು ಅಂದ್ರ ಸೊಂಟದ ಪಟ್ಟಿ. ಅಳತಿ ಇಲ್ಲದ ಆಗೂದಲ್ಲ. ಹೆಣ್ಣು ಮೆಣಸಗಿ ಊರಿನದು. ಗಂಡಿನ ಕಡಿಯವರು ಹೋಗಿ ಹುಡಿಗಿ ಸೊಂಟ ಅಳಿಯೂದು ಚಂದ ಅಲ್ಲ. ಹಿಂಗಾಗಿ ಬೀಗರು ತಾವ ಆಕಿ ಸೊಂಟಕ್ಕ ಒಂದ ನೂಲಿನ ಎಳಿ ಸುತ್ತಿ, ಅಷ್ಟಕ್ಕ ಹರದು, ಅರಿಷಿಣ ಹಚ್ಚಿ, ಎಲಿಯೊಳಗ ಮಡಚಿ ಕಳಿಸಿದ್ರು.

ಕಾಕಾ ಅದನ್ನ ಮಗ್ಗದ ಬಾಜೂಕ ಇಟ್ಟು ನೀರ ಕುಡಿಯಾಕ ಎದ್ದ. ತಿರಗಿ ಬಂದು ಕುಂತಾಗ ಮಗ್ಗದ ಹಾಸಿನೊಳಗ ಒಂದ ಎಳಿ ಹರದಿತ್ತು. ನೇಕಾರನ ಕೈ ಹರದ ಎಳಿ ಕಂಡ್ರ ಸುಮ್ಮನ ಇರಾಂಗಿಲ್ಲ. ತಲಿನ್ನ ಕೇಳೂದೂ ಇಲ್ಲ. ಬಾಜೂಕ ಒಂದ ತುಂಡು ನೂಲು ಸಿಕ್ಕಿತು, ತುದಿ ಹರದು ಗಂಟ ಹಾಕಿದ, ಟಕಾಟಕ್ ಅಂತ ನೇಯ್ದ.

ಮರುದಿನ ನಾ ಅಳತಿ ಇಸಗೊಳ್ಳಾಕ ಹೋದೆ. ಕಾಕಾ ಹುಡಿಕಿದ, ಅವನ ಹೆಂಡತಿ ಕಾಕು ಹುಡಿಕಿದ್ಲು, ಖಾಲಿ ಎಲಿ ಸಿಕ್ತು. ಕಾಕು ಮಗ್ಗದ ಮ್ಯಾಲಿನ ಕೆಂಪ ಸೀರಿಯೊಳಗ ಒಂದ ಹಳದಿ ಗೀರು ಕಂಡ ಎದಿ ಎದಿ ಬಡಕೊಂಡ್ಲು, "ಅಯ್ಯ ನಿನ್ನ! ಸೊಸಿ ಸೊಂಟಾನ ನೇದ ಹಾಕೀಯಲ್ಲೋ ಮುದುಕಾ!"

ಇನ್ನೊಮ್ಮೆ ಅಳತಿ ಕಳಸ್ರಿ ಅಂತ ಮೆಣಸಗಿಗೆ ಹೇಳಾಕ ಬರಾಂಗಿಲ್ಲ. ಸೊಸಿ ಮನಿಗೆ ಬರೂಕಿಂತ ಮೊದಲ ಆಕಿ ಅಳತಿ ಕಳದ್ರು ಅಂದ್ರ ಅಪಶಕುನ ಅಂತಾರ. ನಾ ಬಗ್ಗಿ ಆ ಹಳದಿ ಗೀರನ್ನ ಅಳದೆ.

"ಕಾಕಾ, ಗಂಟ ಹಾಕೂ ಮುಂದ ತುದಿ ಎಷ್ಟ ಹರದಿ?"

"ನಾಕ ಬೆರಳು... ಇಲ್ಲಂದ್ರ ಒಂದ ಗೇಣು."

"ನಾಕ ಬೆರಳಿಗೂ ಗೇಣಿಗೂ ಫರಕ ಇಲ್ಲೇನು?" ಅಂತ ಕಾಕು ಒದರಿದ್ಲು. "ಅಷ್ಟ ಸಣ್ಣಾಗಬೇಕಂದ್ರ ಆ ಹುಡಿಗಿ ಮದವಿತನಕ ಉಪಾಸ ಇರಬೇಕು!"

ಕಡೀಗೆ ನಾ ಡಾಬಿಗೆ ಒಂದರ ಬದ್ಲಿ ಐದ ಕೊಂಡಿ ಇಟ್ಟೆ. ಐದರಾಗ ಯಾವದರ ಒಂದ ಆಕಿ ಸೊಂಟಕ್ಕ ಸರಿ ಬಂದ ಬರತೈತಿ. ಕಾಕಾ ಮಾತ್ರ ಒಂದಿಷ್ಟೂ ಗಾಬರಿ ಆಗಲಿಲ್ಲ. ಲಾಳಿ ತಳ್ಳಿಕೋತ ಅಂದ, "ಯಾಕ ಹಿಂಗ ಒದರತೀರಿ? ಈ ಸೀರೀನೂ ಆಕೀದ. ಸೊಂಟದ ಅಳತಿ ತಿರಗಿ ಸೊಂಟಕ್ಕ ಹೋಗಿ ಮುಟ್ಟತೈತಿ!"

೩. ನರಗುಂದದ ನತ್ತು

ನರಗುಂದದಾಗ ಒಣಮೆಣಸಿನಕಾಯಿ ಸಾವಕಾರರ ಮನಿ. ಮದುಮಗಳಿಗೆ ಎಂಥಾ ನತ್ತು ಬೇಕು ಅಂತ ಕೇಳಿದೆ. ಮದುಮಗಳು ಬಾಯಿ ತಗಿಯೂದ್ರಾಗ ಆಕಿ ತಾಯಿ ಸಾವಕಾರತಿ ಹೇಳಿದ್ಲು, "ಬಾಜೂ ಮನಿಯಾಕಿ ಹಾಕ್ಕೋತಾಳಲ್ಲ, ಅಂಥಾದ್ದ ಬೇಕು. ನೋಡೀ ಏನು?"

ನೋಡೂದೇನು, ಅದನ್ನ ಮಾಡಿದಾಂವ ನಾನ! ಆದ್ರ ಬಾಜೂ ಮನಿಯಾಕಿ ಆವಾಗ ನನ್ನ ಕಡಿಂದ ಅಗ್ಗಿಷ್ಟಿಗಿ ಮುಟ್ಟಿಸಿ ಆಣಿ ಹಾಕಿಸಿಕೊಂಡಿದ್ಲು: ಇಂಥಾದ್ದು ಇನ್ನೊಬ್ಬರಿಗೆ ಮಾಡಬಾರದು, ಮಾಡಿದಾಂವ ನಾ ಅಂತ ಯಾರ ಮುಂದೂ ಬಾಯಿ ಬಿಡಬಾರದು. ಪತ್ತಾರ ಅಗ್ಗಿಷ್ಟಿಗಿ ಮ್ಯಾಲಿನ ಆಣಿ ಮುರದ್ರ ಉಳೀತಾನ?

"ನನಗ ಗೊತ್ತಿಲ್ರಿ ಅಕ್ಕಾರ" ಅಂದೆ.

"ಗೊತ್ತಿಲ್ಲಂದ್ರ ತೋರಸತೇನಿ" ಅಂತ ಆಕಿ ಬಾಜೂ ಮನಿಯಾಕಿಗೆ ಅರಿಷಿಣ ಕುಂಕುಮಕ್ಕ ಹೇಳಿಕಳಿಸಿದ್ಲು. ನನ್ನನ್ನ ಮೆಣಸಿನಕಾಯಿ ಚೀಲದ ಹಿಂದ ಕುಂಡ್ರಿಸಿ, "ಇಲ್ಲಿಂದ ಇಣಿಕಿ ನೋಡು. ಮುತ್ತ ಎಷ್ಟು, ಕೆಂಪ ಹರಳ ಎಲ್ಲೆ ಐತಿ, ಎಲ್ಲಾ ಲಕ್ಷ್ಯ ಇಟ್ಟ ನೋಡಕೋ" ಅಂದ್ಲು. ನಾ ಮಾಡಿದ ನತ್ತು ನಾನ ಕಳ್ಳನಂಗ ಇಣಿಕಿ ನೋಡೂ ಪಾಳಿ ಬಂತು.

ಬಾಜೂ ಮನಿಯಾಕಿ ಬಂದ್ಲು, ಕುಂತ್ಲು. ನನ್ನ ಮೂಗಿನೊಳಗ ಮೆಣಸಿನ ಘಾಟು ಏರಾಕ ಹತ್ತಿತು. ಮೂಗು ಹಿಡದೆ, ಬಾಯಿ ಹಿಡದೆ, ಮನಿದೇವರನ್ನ ನೆನಿಸಿದೆ. ಏನ ಮಾಡಿದ್ರೂ ಕೇಳಲಿಲ್ಲ. ಒಂದರ ಮ್ಯಾಲ ಒಂದ ಮೂರ ಸೀನು, ಕಡೀದಕ್ಕ ಒಂದ ಸೀಟಿ.

ಆಕಿ ಹೆದರತಾಳ, ಚೀರತಾಳ ಅಂದಕೊಂಡೆ. ಎರಡೂ ಮಾಡಲಿಲ್ಲ. ಕುಂಕುಮದ ಬಟ್ಟಲ ಕೆಳಗಿಟ್ಟು, "ಪತ್ತಾರಾ, ಹೊರಗ ಬಾ" ಅಂದ್ಲು. "ನಾಕ ದಿನ ನಮ್ಮ ಪಡಸಾಲಿಯೊಳಗ ಸೀನಿ ಸೀನಿ ನನ್ನ ನತ್ತ ಮಾಡಿದಾಂವ ನೀನು. ಆ ಸೀಟಿ ಮರಿಯಾಕ ಆಗತೈತೇನು?"

"ಅಯ್ಯ, ಇಂವನ ಮಾಡಿದ್ದ?" ಅಂತ ಸಾವಕಾರತಿ ನನ್ನ ಮ್ಯಾಲ ಹರಿಹಾಯ್ದಳು. "ಮತ್ತ ಗೊತ್ತಿಲ್ಲ ಅಂದಿ!"

"ಆಣಿ ಇತ್ರಿ ಅಕ್ಕಾರ" ಅಂತ ಕಣ್ಣೀರ ಒರಸಿಕೋತ ಅಂದೆ. ಅತ್ತಿದ್ದಿಲ್ಲ ಮತ್ತ, ಮೆಣಸಿನ ಘಾಟಿಗೆ ಬಂದ ಕಣ್ಣೀರು.

ಬಾಜೂ ಮನಿಯಾಕಿ ಅದನ್ನ ನೋಡಿ ಕರಗಿದ್ಲು. "ಮೆಣಸಿನಕಾಯಿ ಚೀಲದ ಹಿಂದ ಕುಂತ್ರೂ ಬಾಯಿ ಬಿಟ್ಟಿಲ್ಲಂದ್ರ ಈ ಮನಿಶ್ಯಾನ ಮಾತು ಗಟ್ಟಿ. ಹೋಗಲಿ, ಆ ಹುಡಿಗಿಗೂ ಮಾಡಿಕೊಡು. ಆದ್ರ ನನ್ನದಕ್ಕಿಂತ ಒಂದ ಮುತ್ತ ಕಡಿಮಿ ಇರಲಿ."

ಸಾವಕಾರತಿ "ಆತವ್ವಾ" ಅಂತ ನಕ್ಕು ಕಳಿಸಿದ್ಲು. ಬಾಗಲಾ ಹಾಕಿದ್ದ ತಡ, ನನ್ನ ಕಿವಿಯಾಗ ಅಂದ್ಲು, "ಒಂದ ಮುತ್ತ ಹೆಚ್ಚಿಗಿ ಹಾಕು."

ಒಂದ ಕಡಿಮಿ, ಒಂದ ಹೆಚ್ಚಿಗಿ. ಎರಡೂ ಕೂಡಿಸಿದ್ರ ಅಷ್ಟಕ್ಕಷ್ಟ. ನಾ ಮೊದಲಿನದಕ್ಕ ಇದ್ದಷ್ಟ ಮುತ್ತ ಹಾಕಿ ಕೊಟ್ಟೆ. ಇವತ್ತಿಗೂ ಒಬ್ಬಾಕಿ ಕಣ್ಣಿಗೆ ಒಂದ ಕಡಿಮಿ ಕಾಣಸತೈತಿ, ಇನ್ನೊಬ್ಬಾಕಿ ಕಣ್ಣಿಗೆ ಒಂದ ಹೆಚ್ಚಿಗಿ ಕಾಣಸತೈತಿ!

೪. ನಲವತ್ತು ಗುಂಡು

ಎಂಟ ತಿಂಗಳು ಮುಗೀತ ಬಂತು. ಬೀಗತಿ ಮಾತಿಗೆ ನನ್ನ ಕಡೆ ಇನ್ನಾ ಉತ್ತರ ಇರಲಿಲ್ಲ. ಬಂಗಾರ ಇಲ್ಲಂತ ಅಲ್ಲ. ನಮ್ಮವ್ವನ ಕಿವಿಯಾಗಿನ ಹಳೇ ಬುಗುಡಿ ಇದ್ದವು, ನನ್ನ ಕೂಲಿಯೊಳಗ ವರ್ಷಾನುವರ್ಷ ತುಣುಕು ತುಣುಕು ಕೂಡಿಸಿದ್ದಿತ್ತು. ಆದ್ರ ಅದು ನಂದ ಅಂತ ನಂಬಾವರು ಯಾರು?

ಉತ್ತರ ಕೊಟ್ಟಾಕಿ ನನ್ನ ಹೆಂಡತಿ. ರೊಟ್ಟಿ ಬಡಕೋತ ಅಂದ್ಲು, "ಎಲ್ಲಾರ ಮನಿಯೊಳಗೂ ಮುದುಕ್ಯಾರು ನಿಮಗ ಕಾವಲ ಕುಂಡ್ರತಾರ. ನಮ್ಮ ಮನಿಯೊಳಗೂ ಬಂದ ಕುಂಡ್ರಲಿ. ಬಂಗಾರ ಕರಗಿಸೂದರಿಂದ ಹಿಡದು ಪೋಣಿಸೂತನಕ ಎಲ್ಲಾರ ಕಣ್ಣ ಮುಂದ ಆಗಲಿ."

ಎಂಥಾ ಚಲೋ ಮಾತು! ಇಪ್ಪತ್ತ ವರ್ಷ ನಾ ಯಾಕ ಆಕಿನ್ನ ಒಂದ ಮಾತು ಕೇಳಿರಲಿಲ್ಲ ಅಂತ ನನಗ ನಾಚಿಕಿ ಆತು.

ಎಲ್ಲಾರಿಗೂ ಹೇಳಿಕಳಿಸಿದೆ. ಜಕ್ಕಲಿ ಅಜ್ಜಿ ಹಣಿಗಿ ಸೈತ ಬಂಡಿಯೊಳಗ ಬಂದ್ಲು. ನರಗುಂದದಿಂದ ಸಾವಕಾರತಿ, ಬಾಜೂ ಮನಿಯಾಕಿ ಇಬ್ಬರೂ ನತ್ತ ಹಾಕ್ಕೊಂಡ ಒಂದ ಬಂಡಿಯೊಳಗ ಬಂದ್ರು. ನೇಕಾರ ಕಾಕಾ ಪೋಣಸಾಕ ರೇಷ್ಮಿ ಎಳಿ ತಂದ. ರೋಣದಿಂದ ಬೀಗತೀನೂ ಬಂದ್ಲು.

ಏನ ಮಾಡಸಬೇಕು ಅಂತ ಮೊದಲ ಜಗಳ ಸುರು ಆತು. ಅಜ್ಜಿ ವಂಕಿ ಅಂದ್ಲು. ನರಗುಂದದ ಇಬ್ಬರೂ ಕೂಡೇ ನತ್ತ ಅಂದ್ರು. ಕಾಕಾ ಡಾಬು ಅಂದ, ಅಳತಿ ನಾನ ತಗೋತೇನಿ ಅಂತ ಬ್ಯಾರೆ ಅಂದ. ಕಡೀಗೆ ಬೀಗತಿ ನನ್ನ ಮಗಳನ್ನ ಕೇಳಿದ್ಲು, "ನಿನಗೇನ ಬೇಕ ಹೇಳವಾ?"

"ಬೋರಮಾಳ, ಬಂಗಾರದ ಗುಂಡಿನ ಸರ" ಅಂದ್ಲು ಮಗಳು.

"ಯಾಕ?"

"ಗುಂಡು ಎಣಸಾಕ ಬರತಾವ್ರಿ ಅತ್ತಿ. ಮುಂದ ಯಾರೂ ನಮ್ಮಪ್ಪಗ ಒಂದ ಮಾತ ಅನ್ನಬಾರದು."

ನನ್ನ ಕಣ್ಣಾಗ ನೀರ ಬಂತು. ಈ ಸಲ ಮೆಣಸಿನಕಾಯಿ ಇದ್ದಿದ್ದಿಲ್ಲ.

ಎಲ್ಲಾರ ಮುಂದ ಬಂಗಾರ ಕರಗಿಸಿದೆ. ಮೂರ ದಿನ ಕೆಲಸ ನಡೀತು. ಮೂರೂ ದಿನ ಸಂಜಿಗೆ ಅಜ್ಜಿ ನನ್ನ ಮೀಸಿ ಬಾಚಿದ್ಲು. ನಾಕನೇ ದಿನ ಮುಂಜಾನಿ ಬಿಳೇ ಅರಿವಿ ಮ್ಯಾಲ ನಲವತ್ತು ಗುಂಡು ಎಣಿಸಿ ಇಟ್ಟೆ. ಹೆಣ್ಣಮಕ್ಕಳು ಒಂದೊಂದ ಎತ್ತಿ, ತಿರುವಿ, ನೋಡಿ, ತಿರಗಿ ಇಟ್ಟರು. ಮಗಳು ಎಲ್ಲಾರಿಗೂ ಎಲಿ ಅಡಿಕಿ ಕೊಟ್ಟಳು. ಆಮ್ಯಾಲ ಕಾಕಾ ಪೋಣಸಾಕ ಕುಂತ. ಪೋಣಿಸಿ ಮುಗಿಸಿ ತಲಿ ಎತ್ತಿದ.

"ಮೂವತ್ತೊಂಬತ್ತ ಅದಾವಲ್ಲೋ ಪತ್ತಾರಾ!"

ಎಲ್ಲಾರೂ ಎಣಿಸಿದ್ರು. ಮೂವತ್ತೊಂಬತ್ತ. ಅರಿವಿ ಜಾಡಿಸಿದ್ರು, ಚಾಪಿ ಎತ್ತಿದ್ರು. ನರಗುಂದದ ಇಬ್ಬರೂ ಒಬ್ಬರ ತುರುಬು ಒಬ್ಬರು ಬಿಚ್ಚಿ ನೋಡಿದ್ರು. "ಎಲ್ಲೆರ ಗಂಟ ಹಾಕೀಯೇನೋ" ಅಂತ ಕಾಕಾನ ಎಳಿ ಬಿಡಿಸಿದ್ರು. ನನ್ನ ಮೀಸಿ ಅಂತೂ ಎರಡ ಸಲ ಬಾಚಿದ್ರು. ಗುಂಡು ಇಲ್ಲ.

ಬೀಗತಿ ಮಾರಿ ಸಣ್ಣದಾತು. ಮೆಲ್ಲಕ ಅಂದ್ಲು, "ಅಕ್ಕನ ಬಂಗಾರ ಅಂತ ಕೇಳಿದ್ದೆ. ಮಗಳ ಬಂಗಾರಾನೂ ಬಿಡಾಂಗಿಲ್ಲ ಅಂದ್ರ..."

ನನ್ನ ಹೆಂಡತಿ ಕಂಬಕ್ಕ ಆತು ನಿಂತು ನನ್ನನ್ನ ನೋಡತಿದ್ಲು. ಮಗಳು ತಲಿ ತಗ್ಗಿಸಿದ್ಲು. ನನ್ನ ಮನಿಯೊಳಗ, ನನ್ನ ಮಗಳ ಬಂಗಾರದಾಗ ನಾ ಕಳ್ಳ ಆಗಿ ನಿಂತಿದ್ದೆ.

ಆಗ ಜಕ್ಕಲಿ ಅಜ್ಜಿ ಬಡಿಗಿ ಊರಿ ಎದ್ದು ನಿಂತ್ಲು. "ಏ ಬೀಗತೀ! ಕಾವಲ ಕುಂತಾಕಿ ನಾ ಅದೇನಿ ಇಲ್ಲಿ! ಎಂಬತ್ತ ವರ್ಷಾತು, ನನ್ನ ಕಣ್ಣ ತಪ್ಪಿಸಿ ಒಂದ ಗುಲಗಂಜಿ ಬಂಗಾರ ಹೊರಗ ಹೋಗಿಲ್ಲ! ಈ ಪತ್ತಾರ ಕದ್ದಾನಂದ್ರ ನನ್ನ ಈ ಒಂದ ಹಲ್ಲ ಮುರದ..."

ಕಟಕ್!

ಅಜ್ಜಿ ಮಾತು ಅಲ್ಲೇ ನಿಂತಿತು. ಗಲ್ಲ ಹಿಡಕೊಂಡ್ಲು. ಆಮ್ಯಾಲ ಎರಡ ಬೆರಳು ಬಾಯಾಗ ಹಾಕಿ ತಗದ್ಲು. ಕೆಂಪ ಉಗುಳಿನೊಳಗ ನಲವತ್ತನೇ ಗುಂಡು ಹೊಳೀತಿತ್ತು.

"ಅಯ್ಯ ಶಿವನ! ಬಂಗಾರ ಗಟ್ಟಿ ಐತೋ ಇಲ್ಲೋ ಹಲ್ಲಿಗೆ ಹಚ್ಚಿ ನೋಡೂಣು ಅಂತ ಬಾಯಾಗ ಇಟಗೊಂಡಿದ್ದೆ. ಅಷ್ಟರಾಗ ಈ ಹುಡಿಗಿ ಎಲಿ ಅಡಿಕಿ ಕೊಟ್ಟಳು. ಮಾತಿನ್ಯಾಗ ಮರತ ಬಿಟ್ಟೆ. ಇವತ್ತಿನ ಅಡಿಕಿ ಎಷ್ಟ ಚೀಪಿದ್ರೂ ಕರಗವಲ್ಲದು, ಭಾಳ ಬಿರಸು ಐತಿ ಅಂತ ಆವಾಗಿಂದ ಅನಕೋಳಾಕ ಹತ್ತೇನಿ!"

ಆ ನಗಿ ಏನ ಕೇಳತೀರಿ! ಕಾಕಾ ಮಗ್ಗಲಾಗಿ ಬಿದ್ದ. ನರಗುಂದದ ಇಬ್ಬರೂ ಒಬ್ಬರಿಗೊಬ್ಬರು ತೆಕ್ಕಿ ಬಿದ್ದು ನಕ್ಕರು. ಬೀಗತಿ ನಕ್ಕು ನಕ್ಕು ಕಣ್ಣ ಒರಸಿಕೊಂಡ ಬಂದು ನನ್ನ ಹೆಂಡತಿ ಕೈ ಹಿಡದು, "ತಪ್ಪಾತವ್ವಾ, ನನ್ನ ಬಾಯಿ ಸುಡಲಿ" ಅಂದ್ಲು.

ಆದ್ರ ಎಂಜಲಾದ ಗುಂಡು ಮದುಮಗಳ ಕೊರಳಿಗೆ ಬರಾಂಗಿಲ್ಲ. ಅಜ್ಜಿ ತಡ ಮಾಡಲಿಲ್ಲ. ತನ್ನ ಕೊರಳಾಗಿನ ಬೋರಮಾಳ ಬಿಚ್ಚಿ, ತನ್ನ ಮದವಿಯದ್ದೊಂದು ಗುಂಡು ತಗದು ನನ್ನ ಮಗಳ ಕೈಯಾಗ ಇಟ್ಟಳು. ಕಾಕಾ ಅದನ್ನ ನಟ್ಟನಡಕ ಪೋಣಿಸಿದ. ಹಲ್ಲಿನ ಗುರ್ತು ಮೂಡಿದ ಗುಂಡನ್ನ ಅಜ್ಜಿ ಸೆರಗಲೆ ಒರಸಿ ನನ್ನ ಹೆಂಡತಿಗೆ ಕೊಟ್ಟಳು.

"ಇದನ್ನ ನಿನ್ನ ತಾಳಿ ಬಾಜೂಕ ಪೋಣಿಸಿಕೋ ಮಗಳ. ಯಾರ ಮನಿ ಬಂಗಾರ ಅಂತ ಯಾರರ ಕೇಳಿದ್ರ, ಜಕ್ಕಲಿಗೆ ಬಂದು ನನ್ನ ಹಲ್ಲಿಗೆ ಹಚ್ಚಿ ನೋಡ ಅನ್ನು. ಸಾಕ್ಷಿ ಅದರ ಮ್ಯಾಲ ಐತಿ."

ಮದವಿ ಚಂದಾಗಿ ಆತು. ಮಗಳು ನಲವತ್ತು ಗುಂಡು ಹಾಕ್ಕೊಂಡ ರೋಣಕ್ಕ ಹೋದ್ಲು. ಅವತ್ತಿಂದ ಇವತ್ತಿನತನಕ ಯಾರೂ ಒಂದ ಮಾತ ಅಂದಿಲ್ಲ. ಹೆಂಡತಿ ಆ ಗುಂಡು ಏಳ ಸಲ ತೊಳದು ಕೊರಳಿಗೆ ಹಾಕ್ಕೊಂಡ್ಲು. ಕನ್ನಡಿ ಇರಲಿಲ್ಲ ನಮ್ಮ ಮನಿಯೊಳಗ. ಹಿತ್ತಾಳಿ ಕೊಡದಾಗ ಮಾರಿ ನೋಡಿಕೊಂಡ್ಲು, ಎರಡ ಸಲ ನೋಡಿಕೊಂಡ್ಲು. ನನಗ ಅಷ್ಟ ಸಂತೋಷ ಎಂದೂ ಆಗಿರಲಿಲ್ಲ.

"ಹಲ್ಲಿನ ತಗ್ಗು ಚಂದ ಕಾಣಸವಲ್ಲದು. ಇಲ್ಲೆ ಕೊಡು, ಒಂದ ಗಳಿಗಿಯೊಳಗ ತಿದ್ದಿ ಕೊಡತೇನಿ" ಅಂತ ಕೈ ಚಾಚಿದೆ.

ಆಕಿ ಗುಂಡು ಮುಠಿಯೊಳಗ ಗಟ್ಟಿ ಹಿಡದು ಎರಡ ಹೆಜ್ಜಿ ಹಿಂದ ಸರದ್ಲು.

"ಅಯ್ಯ, ನಿಮ್ಮ ಕೈಯಾಗ ಕೊಡೂದ? ಮೊದಲ ಜಕ್ಕಲಿ ಅಜ್ಜಿನ್ನ ಕರಸ್ರಿ. ಕಾವಲ ಕುಂತ ಮ್ಯಾಲ ಕೊಡತೇನಿ!"